ಅಳಿಸಿದ ಮೂರು ತಾಸು

ಹಣೆಗೆ ಕಟ್ಟಿದ್ದ ಪಟ್ಟಿ ಮೂರು ಸಲ ಸಣ್ಣಗೆ ಗುಂಯ್‌ಗುಟ್ಟಿ ನಿಂತಿತು. ಭುವನಾ ಗುಡಗೇರಿ ಕಣ್ಣು ತೆರೆದಳು. ಹುಬ್ಬಳ್ಳಿಯ ತನ್ನ ಮನೆಯ ಮಹಡಿ ಕೋಣೆಯಲ್ಲಿ, ಎಂದಿನ ಕುರ್ಚಿಯಲ್ಲಿ ಅವಳು ಕುಳಿತಿದ್ದಳು. ಶನಿವಾರದ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಆಟದ ಕನ್ನಡಕ, ಅರ್ಧ ಕುಡಿದು ಬಿಟ್ಟ ಚಹಾ, ಮುಚ್ಚಿಟ್ಟ ಒಂದು ನೋಟ್‌ಬುಕ್ಕು. ಬಲಗೈ ನಡುಬೆರಳಿಗೆ ಶಾಯಿ ಹತ್ತಿತ್ತು. ತಾನು ಒಂದು ಆಟ ಆಡಿದ್ದೇನೆ, ಅದರ ಬಗ್ಗೆ ಬರೆದಿದ್ದೇನೆ, ಆಮೇಲೆ ಅದನ್ನು ಅಳಿಸಿಕೊಂಡಿದ್ದೇನೆ ಎಂಬುದು ಅವಳಿಗೆ ತಿಳಿದಿತ್ತು. ಆಟದಲ್ಲಿ ಏನಾಯಿತು ಎಂಬುದು ಮಾತ್ರ ತಿಳಿದಿರಲಿಲ್ಲ. ಹೀಗೇ ಆಗಬೇಕು, ಅದಕ್ಕೇ ಆ ಪಟ್ಟಿ ಇರುವುದು.

ಆದರೆ ಹಣೆಯಿಂದ ಪಟ್ಟಿ ಬಿಚ್ಚಿ ಮುಖ ಒರೆಸಿಕೊಂಡಾಗ ಎರಡೂ ಕೆನ್ನೆ ಒದ್ದೆಯಾಗಿದ್ದವು. ಕೆಳಗಿನ ಬೀದಿಯಲ್ಲಿ ಯಾರದೋ ಫೋನು ರಿಂಗಾಯಿತು. ಭುವನಾ ಥಟ್ಟನೆ ಎದ್ದು ನಿಂತುಬಿಟ್ಟಳು. ಯಾಕೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ಪಟ್ಟಿಯ ಹೆಸರು ಹೊಸಗಣ್ಣು. ಧಾರವಾಡದ ನರವಿಜ್ಞಾನಿ ಡಾ. ಇಲ್ಯಾಸ್ ಸವಣೂರ ಅದನ್ನು ರೂಪಿಸಿ ನಾಲ್ಕು ವರ್ಷವಾಗಿತ್ತು. ನಾವು ನೋಡಿದ್ದು, ಕೇಳಿದ್ದು ಕೂಡಲೇ ನೆನಪಾಗಿ ಗಟ್ಟಿಗೊಳ್ಳುವುದಿಲ್ಲ. ಹಸಿ ಸಿಮೆಂಟಿನ ಹಾಗೆ ಕೆಲವು ತಾಸು ಮಿದುಳಿನಲ್ಲಿ ಮೆತ್ತಗೆ ಇರುತ್ತದೆ. ಆ ಹೊತ್ತಿನಲ್ಲಿ ಕಿವಿಗೆ ಕೇಳಿಸದ ಧ್ವನಿಯ ಅಲೆಗಳನ್ನು ಸರಿಯಾದ ಜಾಗಕ್ಕೆ ಕಳಿಸಿದರೆ ಆಗಷ್ಟೇ ಬೆಸೆದುಕೊಳ್ಳುತ್ತಿದ್ದ ನರಕೋಶಗಳ ಕೊಂಡಿಗಳು ಕಳಚಿಕೊಳ್ಳುತ್ತವೆ. ಆಟ ಶುರುವಾದ ಗಳಿಗೆಯಿಂದ ಅಳಿಸಲು ಶುರುಮಾಡುವ ಗಳಿಗೆಯವರೆಗಿನ ಕೊಂಡಿಗಳನ್ನು ಗುರುತಿಟ್ಟುಕೊಂಡು ಏಳು ನಿಮಿಷದಲ್ಲಿ ಬಿಡಿಸುವುದು ಹೊಸಗಣ್ಣಿನ ಕೆಲಸ. ಹೆದರಿಸುವ ಆಟವಾಗಲಿ, ಒಗಟಿನ ಆಟವಾಗಲಿ, ಅದರ ನಿಜವಾದ ರುಚಿ ಮೊದಲ ಸಲಕ್ಕೆ ಮಾತ್ರ. ಹೊಸಗಣ್ಣು ಆ ಮೊದಲ ಸಲವನ್ನು ಬೇಕಾದಷ್ಟು ಬಾರಿ ಕೊಡುತ್ತಿತ್ತು. ಹುಬ್ಬಳ್ಳಿ, ಧಾರವಾಡ ಎರಡರಲ್ಲೇ ಒಂಬತ್ತು ಸಾವಿರ ಜನ ಅದನ್ನು ಕೊಂಡಿದ್ದರು.

ಭುವನಾ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯುವವಳು. ವಯಸ್ಸು ನಲವತ್ತೈದು, ಮನೆಯಲ್ಲಿ ಒಬ್ಬಳೇ. ಪ್ರತಿ ಮಂಗಳವಾರ ‘ಈಚೆಗೆ ಆಡಿದ್ದು’ ಎಂಬ ಅವಳ ಅಂಕಣ ಪ್ರಕಟವಾಗುತ್ತಿತ್ತು. ಆಟ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದಕ್ಕಿಂತ, ಆಡುವಾಗ ತನಗೇನಾಯಿತು ಎಂದು ಬರೆಯುವುದು ಅವಳ ರೀತಿ. ಕೆರೆಯ ತೂಬು ಕಾಯುವ ಆಟವೊಂದರ ಬಗ್ಗೆ, ‘ನೀರು ಬಿಡುವ ಮುಂಚೆ ಕೆಳಗಿನ ಹೊಲದವರ ಮುಖ ನೋಡಬೇಕು ಅನ್ನಿಸಿತು, ಆಟದಲ್ಲಿ ಅವರಿಗೆ ಮುಖವೇ ಇರಲಿಲ್ಲ, ಆಟ ನಿಲ್ಲಿಸಿದೆ’ ಎಂದು ಬರೆದಿದ್ದಳು. ರೈಲು ಸಿಗ್ನಲ್ ಕೊಡುವ ಇನ್ನೊಂದು ಆಟ ಅವಳಿಗೆ ಎಷ್ಟು ಹಿಡಿಸಿತೆಂದರೆ ಮೂರು ದಿನ ಅನ್ನ ಮಾಡದೆ ಅವಲಕ್ಕಿ ತಿಂದು ಆಡಿದ್ದಳು. ಅದನ್ನೂ ಮುಚ್ಚಿಡದೆ ಬರೆದಿದ್ದಳು. ಓದುಗರು ಅವಳನ್ನು ನಂಬುತ್ತಿದ್ದದ್ದು ಅದಕ್ಕೇ.

ಈ ಸಲದ ಅಂಕಣಕ್ಕೆ ಅವಳು ಒಂದು ಹೊಸ ಉಪಾಯ ಹೂಡಿದ್ದಳು. ‘ಪಾತಾಳ ಬಾವಿ’ ಎಂಬ ಹೆದರಿಸುವ ಆಟವನ್ನು ಮೂರು ಶನಿವಾರ, ಮೂರೂ ಸಲ ಮೊದಲ ಸಲವೆಂಬಂತೆ ಆಡುವುದು. ಪ್ರತಿ ಸಲವೂ ಅನಿಸಿಕೆ ಬರೆದು, ನೋಡದೆ ನೋಟ್‌ಬುಕ್ಕು ಮುಚ್ಚಿ, ಅಳಿಸಿಕೊಳ್ಳುವುದು. ಕೊನೆಗೆ ಮೂರನ್ನೂ ಒಟ್ಟಿಗೆ ಓದುವುದು. ಒಬ್ಬಳೇ ಆಟಗಾರ್ತಿ, ಒಂದೇ ಆಟ, ಮೂರು ಮೊದಲ ಅನಿಸಿಕೆ. ಅವು ಒಂದೇ ತರಹ ಇರುತ್ತವೆಯೇ ಎಂಬುದು ಅವಳ ಕುತೂಹಲ.

ಮೂರನೆಯ ಶನಿವಾರ ಕಳೆದ ಮೇಲೆ, ಸೋಮವಾರ ಬೆಳಿಗ್ಗೆ ನೋಟ್‌ಬುಕ್ಕು ತೆರೆದಳು.

ಮೊದಲನೆಯ ಶನಿವಾರದ್ದು ಹೀಗಿತ್ತು: ‘ಹಳೆಯ ಕಲ್ಲುಬಾವಿ. ನೂರಾ ಎಂಟು ಮೆಟ್ಟಿಲು. ಕೈಯಲ್ಲಿ ಕಂದೀಲು ಹಿಡಿದು ಇಳಿಯಬೇಕು. ಈ ಆಟಕ್ಕೆ ವಾಸನೆ ಇಲ್ಲ, ಆದರೂ ಪಾಚಿಯ ವಾಸನೆ ಮೂಗಿಗೆ ಬಂತು. ಮೇಲಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ತಿರುಗಿ ನೋಡಬಾರದು. ನೋಡಬಾರದು ಎನ್ನುವುದೇ ಇಡೀ ಆಟ. ನಲವತ್ತನೆಯ ಮೆಟ್ಟಿಲವರೆಗೆ ಇಳಿದೆ. ಈ ವರ್ಷ ಆಡಿದವುಗಳಲ್ಲಿ ಇಷ್ಟು ಹೆದರಿಸಿದ್ದು ಇನ್ನೊಂದಿಲ್ಲ.’

ಎರಡನೆಯದು ಚಿಕ್ಕದಾಗಿತ್ತು. ‘ಹದಿಮೂರನೆಯ ಮೆಟ್ಟಿಲಿಗೇ ಕಾಲು ಸೋತಿತು. ಕರೆಯುವ ದನಿ ಥೇಟ್ ಶ್ರೀಶೈಲನದು. ಇಂಥ ದನಿಯನ್ನು ಆಟದಲ್ಲಿ ಇಡಬಾರದು.’

ಶ್ರೀಶೈಲ ಅವಳ ತಮ್ಮ. ಗದಗದಲ್ಲಿ ಹೈಸ್ಕೂಲ್ ಮಾಸ್ತರ.

ಮೂರನೆಯದರಲ್ಲಿ ಅಕ್ಷರಗಳು ಸೊಟ್ಟಗಿದ್ದವು. ‘ಐದು ಮೆಟ್ಟಿಲು. ಅಷ್ಟೇ. ದನಿ ಏನೋ ಕೇಳಿತು. ಕೊಡುತ್ತೇನೆ ಎಂದೆ. ಕೊಡುವುದಿಲ್ಲ ಎಂದು ಹೇಳುವಾಗಲೇ ಗೊತ್ತಿತ್ತು.’

ಭುವನಾ ಆ ಸಾಲನ್ನು ನಾಲ್ಕೈದು ಸಲ ಓದಿದಳು. ಬರಹ ತನ್ನದೇ. ಬರೆದವಳ ಮನಸ್ಸಿನಲ್ಲಿ ಏನಿತ್ತೆಂದು ಮಾತ್ರ ತನಗೆ ತಿಳಿಯದು. ಪರಿಚಯವಿಲ್ಲದ ಯಾರೋ ತನ್ನ ಕೈಯಿಂದಲೇ ತನಗೆ ಬೆದರಿಕೆಯ ಚೀಟಿ ಬರೆದಿಟ್ಟು ಹೋದಂತೆ ಅನ್ನಿಸಿತು. ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದಳು. ಆಮೇಲೆ ಆಟ ತಯಾರಿಸಿದ ಮೈಸೂರಿನ ಪುಟ್ಟ ಕಂಪನಿಗೆ ಇಮೇಲ್ ಹಾಕಿದಳು. ಮಧ್ಯಾಹ್ನದೊಳಗೆ ಉತ್ತರ ಬಂತು. ಆಟದಲ್ಲಿ ಕರೆಯುವುದು ಒಂಬತ್ತು ವರ್ಷದ ಹುಡುಗಿಯ ದನಿ. ಅದು ಆಡುವವರ ಹೆಸರು ಕರೆಯುತ್ತದೆಯೇ ಹೊರತು ಏನನ್ನೂ ಕೇಳುವುದಿಲ್ಲ.

ಆ ವಾರ ಅಂಕಣ ಹೋಗಲಿಲ್ಲ. ಎರಡು ವಾರದಿಂದ ತನಗೆ ಹೆದರಿಕೆ ಹತ್ತಿಕೊಂಡಿದೆ ಎಂಬುದನ್ನು ಭುವನಾ ಆಗ ಮೊದಲ ಬಾರಿಗೆ ತನ್ನೊಳಗೇ ಒಪ್ಪಿಕೊಂಡಳು. ಫೋನು ರಿಂಗಾದರೆ ಬೆಚ್ಚುತ್ತಿದ್ದಳು. ಆಸ್ಪತ್ರೆಯ ಮುಂದೆ ಬಸ್ಸು ಹಾದರೆ ಬೆನ್ನು ತಣ್ಣಗಾಗುತ್ತಿತ್ತು. ಇದೆಲ್ಲ ಆಟದ ಪ್ರಭಾವ, ಎಂಥ ಒಳ್ಳೆಯ ಆಟ ಎಂದುಕೊಂಡಿದ್ದಳು. ಈಗ ಬೇರೆ ಯೋಚನೆ ಬಂತು. ಪಟ್ಟಿ ಕೆಟ್ಟಿದೆ. ಅದು ನೆನಪನ್ನು ಅಳಿಸುವ ಬದಲು ಒಂದರೊಳಗೊಂದು ಕಲಸುತ್ತಿದೆ. ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಬುಧವಾರ ಧಾರವಾಡದ ಬಸ್ಸು ಹತ್ತಿದಳು.

ಇಲ್ಯಾಸ್ ಸವಣೂರ ಅರವತ್ತರ ಹತ್ತಿರದ, ಮೆಲ್ಲಗೆ ಮಾತಾಡುವ ಮನುಷ್ಯ. ಅವಳ ಅಂಕಣವನ್ನು ತಪ್ಪದೆ ಓದುತ್ತಿದ್ದವರು. ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಅವಳನ್ನು ಕೂರಿಸಿ, ನೋಟ್‌ಬುಕ್ಕಿನ ಮೂರೂ ಬರಹಗಳನ್ನು ಎರಡು ಸಲ ಓದಿದರು. ಅವರ ಮುಖವೂ ಸಪ್ಪಗಾಯಿತು. ಪಟ್ಟಿಯಲ್ಲಿ ದೋಷವಿದ್ದರೆ ಒಂಬತ್ತು ಸಾವಿರ ಜನರ ತಲೆಯ ಪ್ರಶ್ನೆ.

ಮೊದಲು ಒಂದು ವಿಷಯ ವಿವರಿಸಿದರು. ಘಟನೆಯ ನೆನಪು ಒಂದು ಕಡೆ ಕೂರುತ್ತದೆ. ಅದರಿಂದಾದ ಭಯ ಇನ್ನೊಂದು ಕಡೆ, ಮಿದುಳಿನ ಆಳದಲ್ಲಿರುವ ಬಾದಾಮಿ ಬೀಜದಷ್ಟು ಗಾತ್ರದ ಭಾಗದಲ್ಲಿ ಕೂರುತ್ತದೆ. ಹೊಸಗಣ್ಣಿನ ಅಲೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಆಟದ ಭಯ ಸಣ್ಣದು, ಸುಳ್ಳು ಭಯ, ಒಂದೆರಡು ದಿನದಲ್ಲಿ ತಾನಾಗಿ ಕರಗುತ್ತದೆ ಎಂದು ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ನಿಮ್ಮದು ಕರಗಿಲ್ಲ,” ಎಂದರು ಸವಣೂರ. “ನಲವತ್ತು ಮೆಟ್ಟಲಾ, ಆಮ್ಯಾಲ ಹದಿಮೂರು, ಆಮ್ಯಾಲ ಐದು. ಪ್ರತಿ ಸಲಾ ಭಯ ಕೂಡಿಕೋತ ಹೋಗೇತಿ. ಆಟದ ಭಯ ಹಿಂಗ ಕೂಡೂದಿಲ್ರಿ.”

ಪಟ್ಟಿಯನ್ನು ಯಂತ್ರಕ್ಕೆ ಜೋಡಿಸಿ ಅದರ ದಾಖಲೆ ತೆಗೆದರು. ಪರದೆಯ ಮೇಲೆ ಮೂರು ಸಾಲು ಮೂಡಿದವು. ಬೆರಳಿಟ್ಟು ಅವುಗಳನ್ನು ಒಂದೊಂದಾಗಿ ಓದಿದರು. ಏನು ಕೆಟ್ಟಿದೆ ಎಂದು ಭುವನಾ ಕೇಳಿದಳು.

“ಏನೂ ಕೆಟ್ಟಿಲ್ರಿ,” ಎಂದರು ಅವರು. “ಕೆಟ್ಟಿದ್ರ ಛಲೋ ಇತ್ತು.”

ಪಟ್ಟಿ ಸಾಮಾನ್ಯವಾಗಿ ಆಟದ ಅವಧಿಯನ್ನು ಮಾತ್ರ ಅಳಿಸುತ್ತದೆ. ಆದರೆ ಅದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಆಡುವ ಮುಂಚೆಯೇ ಯಾರಾದರೂ ಆಟದ ಗುಟ್ಟು ಹೇಳಿಬಿಟ್ಟರೆ ಅದನ್ನೂ ಮರೆಯಲೆಂದು, ಆಟಕ್ಕೆ ಹಿಂದಿನ ಎರಡು ತಾಸಿನವರೆಗೆ ಅವಧಿಯನ್ನು ಹಿಗ್ಗಿಸಬಹುದಿತ್ತು. ಹಿಗ್ಗಿಸಲು ಹೆಬ್ಬೆಟ್ಟು ಒತ್ತಬೇಕು, ಬಾಯಲ್ಲಿ ಒಪ್ಪಿಗೆ ಹೇಳಬೇಕು. ಮೂರೂ ಶನಿವಾರ ಭುವನಾಳ ಪಟ್ಟಿಯಲ್ಲಿ ಒಂದೊಂದು ತಾಸು ಹಿಗ್ಗಿಸಲಾಗಿತ್ತು. ಹೆಬ್ಬೆಟ್ಟು ಅವಳದೇ.

ತಾನು ಹಾಗೆ ಮಾಡಿಲ್ಲ ಎಂದಳು ಭುವನಾ. ಮಾಡಿದ್ದರೆ ನೆನಪಿರುತ್ತಿತ್ತು ಎಂದು ಹೇಳಹೊರಟವಳು ಅರ್ಧಕ್ಕೆ ನಿಲ್ಲಿಸಿದಳು.

ದನಿಯ ದಾಖಲೆಯೂ ಇದೆ, ಕೇಳಲೇಬೇಕೆಂದೇನಿಲ್ಲ ಎಂದರು ಸವಣೂರ. ಅವಳು ತಲೆಯಾಡಿಸಿದಳು.

ಮೊದಲು ಪಟ್ಟಿಯ ಯಂತ್ರದನಿ ಬಂತು. ಆಟಕ್ಕೆ ಹಿಂದಿನ ಒಂದು ತಾಸೂ ಅಳಿಯುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಆಮೇಲೆ ಭುವನಾಳ ದನಿ.

“ಹೂಂ. ಇದೊಂದ ಸಲ.”

ಎರಡನೆಯ ಶನಿವಾರದ ದಾಖಲೆಯಲ್ಲಿ ಮೂಗು ಏರಿಸುವ ಸದ್ದಿತ್ತು. “ಇದೊಂದ ಸಲ. ಹೂಂ.”

ಮೂರನೆಯದರಲ್ಲಿ ಯಂತ್ರ ಕೇಳಿದ ಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಗಡಿಯಾರದ ಟಿಕ್‌ಟಿಕ್ ಮಾತ್ರ. ಯಂತ್ರ ಮತ್ತೊಮ್ಮೆ ಕೇಳಿತು. “ಇದೊಂದ ಸಲ,” ಎಂದಿತು ಅವಳ ದನಿ, ಯಾರನ್ನೋ ಬೇಡಿಕೊಳ್ಳುವ ಹಾಗೆ.

ಭುವನಾ ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದುಕೊಂಡಳು. ಮೂರು ಸಲವೂ ಆ ಮಾತು ಸುಳ್ಳಾಗಿರಲಿಲ್ಲ. ಮೂರು ಸಲವೂ ಅವಳ ಪಾಲಿಗೆ ಅದು ಮೊದಲನೆಯದೇ ಆಗಿತ್ತು. ಬಾವಿಯ ಆಟ ಅವಳಿಗೆ ಈಗ ಮಕ್ಕಳ ಆಟದಂತೆ ಕಂಡಿತು. ತನ್ನ ಮೈಯೊಳಗೇ ಒಬ್ಬಳಿದ್ದಾಳೆ. ಅವಳಿಗೆ ಏನೋ ಗೊತ್ತಿದೆ. ಗೊತ್ತಾದ ಕೂಡಲೇ ಅವಳು ಅಳಿಸುತ್ತಾಳೆ. ನಾಳೆಯೂ ಅಳಿಸಬಹುದು. ಅವಳನ್ನು ತಡೆಯುವುದು ಹೇಗೆ?

“ಈ ಪಟ್ಟಿ ನಿಮ್ಮ ಹಂತೇಕ ಇರ್ಲಿ ಸರ್,” ಎಂದಳು. “ನಾ ಬಂದು ಬೇಡಿದ್ರೂ ಕೊಡಬ್ಯಾಡ್ರಿ. ಅತ್ತರೂ ಕೊಡಬ್ಯಾಡ್ರಿ.”

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಹಳೆಯ ಕರೆಗಳ ಪಟ್ಟಿ ನೋಡಿದಳು. ಎರಡನೆಯ ಶನಿವಾರ ಶ್ರೀಶೈಲನ ಕರೆ, ಇಪ್ಪತ್ತೆರಡು ನಿಮಿಷ. ಮೂರನೆಯ ಶನಿವಾರ ಮತ್ತೆ ಅವನದೇ, ಒಂಬತ್ತು ನಿಮಿಷ. ಈ ಎರಡು ಕರೆಗಳೂ ಅವಳ ನೆನಪಿನಲ್ಲಿ ಇರಲಿಲ್ಲ. ಕರೆ ಮಾಡಲು ಬೆರಳು ಇಟ್ಟಳು, ತೆಗೆದಳು. ಆಟದ ಐಕಾನುಗಳು ಕೆಳಗಿನ ಸಾಲಿನಲ್ಲೇ ಇದ್ದವು. ಬೆರಳು ತಾನಾಗಿ ಅವುಗಳ ಕಡೆಗೆ ಸರಿಯುವುದನ್ನು ನೋಡಿ ಫೋನನ್ನು ಚೀಲದ ತಳಕ್ಕೆ ತುರುಕಿದಳು. ಹುಬ್ಬಳ್ಳಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗದಗದ ರೈಲು ಹತ್ತಿದಳು.

ಶ್ರೀಶೈಲ ಮುಂದಿನ ಕೋಣೆಯಲ್ಲಿ ಕಾಟಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ. ಕಣ್ಣಿನ ಬಿಳಿಭಾಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ತೋಳು ಕಡ್ಡಿಯಾಗಿ ಹೊಟ್ಟೆ ಊದಿತ್ತು. ಭುವನಾ ಹೊಸ್ತಿಲಲ್ಲೇ ನಿಂತಳು. ಅವನಿಗೆ ಹಿಂದಿನ ವರ್ಷ ಕಾಮಾಲೆ ಆಗಿ ವಾಸಿಯಾಗಿತ್ತು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು.

ಅವನ ಹೆಂಡತಿ ಗಿರಿಜಾ ನೀರು ತಂದಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು.

ತನಗೆ ಏನೂ ನೆನಪಿಲ್ಲ, ಎಲ್ಲವನ್ನೂ ಮೊದಲಿನಿಂದ ಹೇಳು ಎಂದು ಭುವನಾ ಕೇಳಿಕೊಂಡಳು. ಅವನು ಅವಳನ್ನೇ ನೋಡುತ್ತ ಹೇಳಿದ. ಅವನ ಯಕೃತ್ತು ಪೂರ್ತಿ ಹಾಳಾಗಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಯಕೃತ್ತು ಅವನ ಮೈಗೆ ಒಗ್ಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಒಡಹುಟ್ಟಿದವರು ತಮ್ಮದರಲ್ಲಿ ಒಂದು ಭಾಗ ಕೊಟ್ಟರೆ ಅದು ಬೆಳೆಯುತ್ತದೆ, ಕೊಟ್ಟವರದೂ ಮತ್ತೆ ಬೆಳೆದು ತುಂಬಿಕೊಳ್ಳುತ್ತದೆ. ಅವನಿಗಿದ್ದ ಒಡಹುಟ್ಟು ಅವಳೊಬ್ಬಳೇ. ಮೊದಲನೆಯ ಶನಿವಾರ ಅವನೇ ಹುಬ್ಬಳ್ಳಿಗೆ ಬಂದು ಕೇಳಿದ್ದ.

“ನೀ ಕೂಡಲೇ ಹೂಂ ಅಂದಿ ಅಕ್ಕ. ನನ್ನ ಕೈ ಹಿಡಕೊಂಡು ಅತ್ತಿ. ಸೋಮವಾರ ಬರ್ತೀನಿ ಅಂದಿ. ಬರಲಿಲ್ಲ. ಮುಂದಿನ ಶನಿವಾರ ಫೋನ್ ಮಾಡಿದೆ. ಆಗ ಮೊದಲನೇ ಸಲ ಕೇಳಿದವರಂಗ ಬೆಚ್ಚಿಬಿದ್ದಿ. ಮತ್ತ ಅತ್ತಿ, ಮತ್ತ ಹೂಂ ಅಂದಿ. ಮೂರನೇ ಸಲಾನೂ ಹಂಗ. ನನಗ ಹೆದರಿಕಿ ಬಂತು. ರೋಗಕ್ಕಲ್ಲ. ನಿನಗ.”

ಅವರ ತಾಯಿ ತೀರಿಕೊಂಡದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ. ಭುವನಾಗೆ ಆಗ ಹತ್ತೊಂಬತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ಅವಳೇ. ಆ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲೂ ಅವಳು ಹೆದರುತ್ತಿದ್ದಳು. ಇದು ಶ್ರೀಶೈಲನಿಗೂ ಗೊತ್ತಿತ್ತು. ಒಲ್ಲೆ ಅಂದಿದ್ದರೆ ನನಗೆ ಬೇಜಾರಾಗುತ್ತಿರಲಿಲ್ಲ ಎಂದ. ಒಲ್ಲೆ ಎನ್ನುವ ಮಾತು ಕೇಳಿದ್ದರೆ ಬೇರೆ ದಾರಿ ನೋಡುತ್ತಿದ್ದೆ, ಹೂಂ ಎಂದದ್ದಕ್ಕೆ ಕಾಯುತ್ತ ಕುಳಿತೆ ಎಂದ.

ಭುವನಾ ಪಟ್ಟಿಯ ವಿಷಯ ಹೇಳಿದಳು. ತನ್ನದೇ ದನಿ ಕೇಳಿದ್ದನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಶ್ರೀಶೈಲ ಕಣ್ಣು ಮುಚ್ಚಿ ಕೇಳಿದ.

“ಈಗ ಹೇಳಿದ್ದಾದ್ರೂ ನೆನಪಿರತೈತೇನು?” ಎಂದ ಕೊನೆಗೆ.

ಅವಳು ಆ ಮನೆ ಬಿಟ್ಟು ಹೋಗಲಿಲ್ಲ. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹನ್ನೊಂದು ದಿನ ಗಿರಿಜಾಳ ಜೊತೆ ನಡುಮನೆಯಲ್ಲೇ ಮಲಗಿದಳು. ತನ್ನ ಫೋನನ್ನು ಗಿರಿಜಾಳ ಕೈಗೆ ಕೊಟ್ಟಳು. ದಿನವೂ ಬೆಳಿಗ್ಗೆ ಎದ್ದ ತಕ್ಷಣ ಶ್ರೀಶೈಲನ ಎದುರು ನಿಂತು, ತಾನು ಯಾಕೆ ಬಂದಿದ್ದೇನೆಂದು ಬಾಯಿಬಿಟ್ಟು ಹೇಳುತ್ತಿದ್ದಳು. ಭಯ ಕಡಿಮೆಯಾಗಲಿಲ್ಲ. ಒಂದು ದಿನ ಧಾರವಾಡಕ್ಕೆ ಹೋಗಿ ಪಟ್ಟಿ ಕೇಳಿಬಿಡೋಣ ಎಂದು ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯವರೆಗೆ ಹೋಗಿದ್ದಳು. ಅಲ್ಲಿಂದ ಹಿಂದಿರುಗಿ ಬಂದು ಅದನ್ನೂ ಹೇಳಿದಳು. ಗಿರಿಜಾ ಆ ದಿನ ಮೊದಲ ಸಲ ಅವಳ ಜೊತೆ ಕುಳಿತು ಊಟ ಮಾಡಿದಳು.

ಶಸ್ತ್ರಚಿಕಿತ್ಸೆ ನಡೆಯಿತು. ಇಬ್ಬರೂ ಬದುಕಿದರು. ಆದರೆ ಕಾದು ಕುಳಿತ ಆ ವಾರಗಳಲ್ಲಿ ಶ್ರೀಶೈಲನ ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಅವನು ಜೀವನಪೂರ್ತಿ ಆಸ್ಪತ್ರೆಗೆ ಬರಬೇಕು. ಎರಡು ವಾರ ಮೊದಲು ಬಂದಿದ್ದರೆ ಎಂದು ಆರಂಭಿಸಿದ ಡಾಕ್ಟರು ಭುವನಾಳ ಮುಖ ನೋಡಿ ಮಾತು ಬದಲಿಸಿದರು.

ಇತ್ತ ಧಾರವಾಡದಲ್ಲಿ ಸವಣೂರ ಉಳಿದ ಪಟ್ಟಿಗಳ ದಾಖಲೆ ತೆಗೆಸಿ ನೋಡಿದ್ದರು. ಒಂಬತ್ತು ಸಾವಿರದಲ್ಲಿ ಮೂರು ಸಾವಿರದ ಏಳುನೂರು ಪಟ್ಟಿಗಳಲ್ಲಿ ಅವಧಿ ಹಿಗ್ಗಿಸಲಾಗಿತ್ತು. ಯಾರೋ ಆಟದ ಗುಟ್ಟು ಹೇಳಿಬಿಟ್ಟಿದ್ದಕ್ಕೆ ಇಷ್ಟು ಜನ ಹಾಗೆ ಮಾಡಿರಲಾರರು. ಏನು ಅಳಿಸಿದರೆಂದು ದಾಖಲೆಗೆ ಗೊತ್ತಿಲ್ಲ. ಅಳಿಸಿದವರಿಗೂ ಗೊತ್ತಿಲ್ಲ. ಪಟ್ಟಿ ಮಾರುವ ಕಂಪನಿ ಸುಮ್ಮನಿರಿ ಎಂದಿತು. ಅವರು ಸುಮ್ಮನಿರಲಿಲ್ಲ. ಒಬ್ಬೊಬ್ಬರಿಗೂ ಮೂರು ಸಾಲಿನ ಪತ್ರ ಕಳಿಸಿದರು. ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ನೆನಪನ್ನು ನೀವೇ ಒಪ್ಪಿ ಅಳಿಸಿಕೊಂಡಿದ್ದೀರಿ. ಅದರ ಭಯ ನಿಮ್ಮಲ್ಲಿ ಉಳಿದಿರಬಹುದು. ಆ ದಿನ ನಿಮ್ಮ ಜೊತೆ ಯಾರಿದ್ದರೆಂದು ವಿಚಾರಿಸಿಕೊಳ್ಳಿ.

ಆ ಪತ್ರಗಳು ತಲುಪಿದ ವಾರ ಹುಬ್ಬಳ್ಳಿ, ಧಾರವಾಡದಲ್ಲಿ ಜನ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬದಲಾಯಿತು. ಕೇಶ್ವಾಪುರದ ಹೊಲಿಗೆಯ ಹೆಂಗಸೊಬ್ಬಳು ಪತ್ರ ಹಿಡಿದು ಪರಿಚಯದವರ ಮನೆಮನೆಗೆ ಹೋಗಿ, ಆ ಮಂಗಳವಾರ ನಾನು ನಿಮಗೆ ಏನಾದರೂ ಹೇಳಿದ್ದೆನೇ ಎಂದು ಕೇಳಿದಳು. ಒಬ್ಬ ಲಾರಿ ಡ್ರೈವರು ಪೊಲೀಸ್ ಠಾಣೆಗೆ ಹೋಗಿ, ತನ್ನ ಪತ್ರದಲ್ಲಿದ್ದ ತಾರೀಕಿನಂದು ಹೆದ್ದಾರಿಯಲ್ಲಿ ಯಾರಿಗಾದರೂ ಗಾಡಿ ಬಡಿದಿತ್ತೇ ಎಂದು ವಿಚಾರಿಸಿದ. ಇಲ್ಲ ಎಂದರು. ಅವನಿಗೆ ಸಮಾಧಾನವಾಗಲಿಲ್ಲ. ಮರುದಿನ ಮತ್ತೆ ಹೋದ. ಗಂಡಂದಿರು ಹೆಂಡಂದಿರನ್ನು, ಮಕ್ಕಳು ತಂದೆ ತಾಯಿಯನ್ನು ಮೆಲ್ಲಗೆ ಕೇಳತೊಡಗಿದರು. ಕೆಲವರಿಗೆ ಉತ್ತರ ಸಿಕ್ಕಿತು. ಸಿಗದವರು ಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಸರ್ಕಾರ ಹೊಸಗಣ್ಣಿನ ಮಾರಾಟ ನಿಲ್ಲಿಸಿತು.

ಮಳೆಗಾಲದ ಒಂದು ಬೆಳಿಗ್ಗೆ ಭುವನಾ ತಮ್ಮನನ್ನು ಆಸ್ಪತ್ರೆಗೆ ಕರೆತಂದು, ಅವನು ಒಳಗೆ ಯಂತ್ರದ ಪಕ್ಕ ಮಲಗಿರುವಷ್ಟು ಹೊತ್ತು ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಫೋನಿನಲ್ಲಿ ಬಣ್ಣದ ಗುಂಡುಗಳನ್ನು ಸಾಲುಗೂಡಿಸುವ ಹಳೇ ಕಾಲದ ಆಟ ಆಡುತ್ತಿದ್ದರು. ಒಂದೇ ಬಣ್ಣದ ಮೂರು ಗುಂಡು ಸೇರಿದರೆ ಟಪ್ಪನೆ ಒಡೆಯುತ್ತಿದ್ದವು. ತೊಡೆಯ ಮೇಲೆ ಆಸ್ಪತ್ರೆಯ ಕಂದು ಬಣ್ಣದ ಲಕೋಟೆ ಇತ್ತು. ಅಂಟು ಬಿಚ್ಚಿರಲಿಲ್ಲ.

ಮಾತಿಗೆ ಮಾತು ಬಂದಾಗ, ನಿಮಗೂ ಪತ್ರ ಬಂದಿತ್ತೇ ಎಂದು ಭುವನಾ ಕೇಳಿದಳು. ಅವರು ನಕ್ಕು, ಆ ಪಟ್ಟಿಗಿಟ್ಟಿ ತಾವು ಕಟ್ಟಿಕೊಂಡವರಲ್ಲ, ತಮಗೆ ಎಲ್ಲ ನೆನಪಿದೆ ಎಂದರು. ಲಕೋಟೆ ತಮ್ಮ ಮಗಳ ವರದಿಯಂತೆ. ಅದು ಕೈಗೆ ಬಂದು ಎಷ್ಟು ದಿನವಾಯಿತೆಂದು ಅವಳು ಕೇಳಿದಳು.

“ಹದಿನೈದು ದಿನಾ ಆತು. ದಿನಾ ಇಲ್ಲಿಗೆ ಬರ್ತೀನಿ, ಡಾಕ್ಟರ್ ಮುಂದನ ಒಡೀಬೇಕಂತ,” ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. “ಇದೊಂದ ಆಟ ಮುಗೀಲಿ.”

ಗುಂಡುಗಳೆಲ್ಲ ಒಡೆದು ಪರದೆ ಖಾಲಿಯಾಯಿತು. ಮುದುಕರ ಹೆಬ್ಬೆರಳು ಮತ್ತೊಂದು ಆಟದ ಗುಂಡಿಯ ಮೇಲೆ ಹೋಗಿ ನಿಂತಿತು. ಭುವನಾಳಲ್ಲಿ ಅದೇ ಹಳೆಯ ಭಯ ಎದ್ದಿತು. ಅವಳು ಮೆಲ್ಲಗೆ ಅವರ ಮುಂಗೈ ಹಿಡಿದಳು.

“ಕಾಕಾ,” ಎಂದಳು, “ನಾ ಬಾಜೂಕ ಕುಂತಿರ್ತೀನಿ. ಒಡೀರಿ.”